ವೈಟಿಂಗ್ ಲಿಸ್ಟ್‌ನಲ್ಲಿ ಇದ್ದೀರಾ? ಹಾಗಾದರೆ ಒರಿಜಿನಲ್ ಟಿಸಿ ಕೈಬಿಡಬೇಡಿ

ಕಳೆದ ವರ್ಷ ನನ್ನ ತಂಗಿಯ ಡಿಗ್ರಿ ಸೀಟು ಕೈಗೆ ಬಂದ ತುತ್ತಿನ ಹಾಗೆ ಬಂದು, ಬಾಯಿಗೆ ಬರಲಿಲ್ಲ. ಒಂದು ಕಬ್ಬಿಣದ ಕಪಾಟಿನ ಬೀಗದ ಕೈ ಸಿಗದೆ ಹೋದದ್ದೇ ಕಾರಣ ಎಂದರೆ ನಿಮಗೆ ನಗು ಬರಬಹುದು. ನಮಗೆ ಈಗಲೂ ಬರುವುದಿಲ್ಲ. ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯವರು ಓದಲಿ ಅಂತ ಬರೆಯುತ್ತಿದ್ದೇನೆ. ಕಾಲೇಜುಗಳ ಹೆಸರು ಹಾಕುವುದಿಲ್ಲ. ಒಂದು ಮಂಗಳೂರಿನದ್ದು, ಒಂದು ಉಡುಪಿಯದ್ದು, ಅಷ್ಟು ಸಾಕು.

ನಮ್ಮ ಮನೆ ಪಡುಬಿದ್ರಿ ಹತ್ತಿರ. ಉತ್ತರದ ಕಡೆಗೆ ಬಸ್ಸು ಹತ್ತಿದರೆ ಉಡುಪಿ, ದಕ್ಷಿಣಕ್ಕೆ ಹತ್ತಿದರೆ ಮಂಗಳೂರು. ತಂಗಿಗೆ ಬಿಎಸ್‌ಸಿ ಮಾಡಬೇಕು, ಅದೂ ಮಂಗಳೂರಿನ ಅದೇ ಕಾಲೇಜಿನಲ್ಲಿ ಆಗಬೇಕು ಎಂಬ ಹಟ. ಮಾರ್ಕು 88 ಪರ್ಸೆಂಟ್ ಇತ್ತು. ಮೊದಲ ಲಿಸ್ಟ್‌ನಲ್ಲಿ ಹೆಸರಿಲ್ಲ. ಎರಡನೆಯದರಲ್ಲೂ ಇಲ್ಲ. ಕೊನೆಗೆ ವೈಟಿಂಗ್ ಲಿಸ್ಟ್ ಹಾಕಿದರು, ಅದರಲ್ಲಿ 11ನೇ ನಂಬರ್.

ನಾನೇ ಹೋಗಿ ಕೌಂಟರಿನಲ್ಲಿ ಕೇಳಿದೆ. "ಸಿಗಬಹುದಾ ಮೇಡಂ?"

"11 ಅಲ್ವಾ? ಹೋದ ಸಲ 20ರವರೆಗೆ ಹೋಗಿತ್ತು. ಫೋನ್ ಮಾಡ್ತೇವೆ."

ಆ ಮಾತು ನಂಬಿ ನಾವು ಒಂದೂವರೆ ತಿಂಗಳು ಕಾದೆವು. ಮೇಡಂ ಸುಳ್ಳು ಹೇಳಿದ್ದು ಅಂತ ನಾನು ಹೇಳುವುದಿಲ್ಲ. ಆದರೆ ಹೋದ ಸಲ ಹೋಗಿದ್ದಕ್ಕೂ ಈ ಸಲ ಹೋಗುವುದಕ್ಕೂ ಸಂಬಂಧವೇ ಇಲ್ಲ ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಕಾಯುವುದು ಎಂತಹ ಕೆಲಸ ಅಂತ ಕಾದವರಿಗೇ ಗೊತ್ತು. ತಂಗಿ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಕಾಲೇಜಿನ ವೆಬ್‌ಸೈಟ್ ನೋಡುತ್ತಿದ್ದಳು. ಅಮ್ಮ ರಾತ್ರಿ ಊಟಕ್ಕೆ ಬಡಿಸುವಾಗ "ಎಂತ ಆಯ್ತು ಮಗಾ?" ಅಂತ ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಅವಳು ಬೇಗ ಊಟ ಮಾಡಿ ಮಲಗಲು ಶುರು ಮಾಡಿದಳು. ಸಂಬಂಧಿಕರ ಮದುವೆಗೂ ಬರಲಿಲ್ಲ. "ಯಾವ ಕಾಲೇಜು?" ಅಂತ ಕೇಳಿದರೆ ಏನು ಹೇಳುವುದು, ಅಲ್ವಾ? ನಾನು ಎರಡು ದಿನಕ್ಕೊಮ್ಮೆ ಆಫೀಸಿಗೆ ಫೋನ್ ಮಾಡುತ್ತಿದ್ದೆ. ಕೊನೆಕೊನೆಗೆ ಅವರಿಗೆ ನನ್ನ ದನಿಯ ಗುರುತು ಸಿಕ್ಕಿತ್ತು. ಹಲೋ ಅನ್ನುವಷ್ಟರಲ್ಲಿ "ಪಡುಬಿದ್ರಿಯವರಾ? ಇಲ್ಲ, ಇವತ್ತೂ ಇಲ್ಲ" ಎನ್ನುತ್ತಿದ್ದರು.

ಈ ನಡುವೆ ಅಪ್ಪ ಹೇಳಿದರು, ಒಂದು ಕಡೆಯಾದರೂ ಕಟ್ಟಿ ಇಡುವ, ಕೊನೆಗೆ ಎಲ್ಲೂ ಇಲ್ಲದ ಹಾಗಾಗುವುದು ಬೇಡ ಅಂತ. ಮಾತು ಸರಿಯೇ ಇತ್ತು. ಉಡುಪಿಯ ಕಾಲೇಜಿಗೆ ಹೋಗಿ 32 ಸಾವಿರ ಕಟ್ಟಿದೆವು. ಅಲ್ಲಿಯ ಕ್ಲರ್ಕ್ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ ಮೂರನ್ನೂ ಕೇಳಿದರು. ನಾನು ಹೊಸ ಪ್ಲಾಸ್ಟಿಕ್ ಫೈಲಿನಿಂದ ಒಂದೊಂದೇ ತೆಗೆದು ಕೊಟ್ಟೆ. ಅವರು ಮೂಲೆಗೆ ಪಂಚ್ ಹೊಡೆದು, ದಾರ ಪೋಣಿಸಿ, ಹಿಂದಿನ ಕಪಾಟಿನಲ್ಲಿಟ್ಟರು. ಒರಿಜಿನಲ್ ಮಾರ್ಕ್ಸ್ ಕಾರ್ಡಿಗೆ ತೂತು ಬಿದ್ದದ್ದು ನೋಡಿ ತಂಗಿ ನನ್ನ ಮುಖ ನೋಡಿದಳು. ನಾನು ಸುಮ್ನೆ ಇದ್ದೆ. ಹಣಕ್ಕೆ ರಸೀದಿ ಕೊಟ್ಟರು, ದಾಖಲೆಗೆ ಏನೂ ಕೊಡಲಿಲ್ಲ. ನಾವೂ ಕೇಳಲಿಲ್ಲ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಕಟ್ಟಿದ ಶುಲ್ಕ ಹಿಂದಿರುಗಿಸಲಾಗುವುದಿಲ್ಲ' ಅಂತ ಇತ್ತು. ಅದನ್ನು ಓದಿದ್ದು ಆಮೇಲೆ.

ಫೋನ್ ಬಂದದ್ದು ಒಂದು ಜೋರು ಮಳೆಯ ದಿನ. ಫಾರ್ಮ್‌ನಲ್ಲಿ ನನ್ನ ನಂಬರ್ ಮಾತ್ರ ಕೊಟ್ಟಿದ್ದೆ. ನನ್ನ ಕೆಲಸ ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ, ಒಳಗೆ ಹೋಗುವಾಗ ಫೋನ್ ಲಾಕರಿನಲ್ಲಿ ಇಡಬೇಕು. ಊಟಕ್ಕೆ ಹೊರಗೆ ಬಂದು ನೋಡಿದರೆ 0824ರಿಂದ ಮೂರು ಮಿಸ್ಡ್ ಕಾಲ್. ಮೊದಲನೆಯದು 10.50ಕ್ಕೆ. ಈಗ ಗಂಟೆ 12.40. ವಾಪಸ್ ಮಾಡಿದೆ.

"ಸೀಟು ಖಾಲಿ ಆಗಿದೆ. ಇವತ್ತು 4 ಗಂಟೆ ಒಳಗೆ ಒರಿಜಿನಲ್ಸ್, ಫೀಸ್ ತಗೊಂಡು ಬನ್ನಿ."

ತಂಗಿಗೂ ಅಮ್ಮನಿಗೂ ಉಡುಪಿಗೆ ಓಡಲು ಹೇಳಿದೆ. ನಾನು ಬೈಕಿನಲ್ಲಿ ಮಂಗಳೂರಿಗೆ ಹೊರಟೆ. ಕೂಳೂರು ಸೇತುವೆಯ ಬ್ಲಾಕ್ ಬಗ್ಗೆ ಈ ಕಡೆಯವರಿಗೆ ನಾನು ಹೇಳುವುದು ಬೇಡ. ರೈನ್‌ಕೋಟಿನ ಒಳಗೂ ಒದ್ದೆ. ಅಲ್ಲಿ ನಿಂತೇ ತಂಗಿಯ ಫೋನ್ ಎತ್ತಿದೆ. ಅವರು ಉಡುಪಿ ತಲುಪುವಾಗ ಎರಡು ಗಂಟೆ, ಕೌಂಟರಿಗೆ ಊಟದ ಬಿಡುವು. ಎರಡೂವರೆಗೆ ಕ್ಲರ್ಕ್ ಬಂದು ಹೇಳಿದ್ದು ಮೂರು ವಿಷಯ. ಅಡ್ಮಿಷನ್ ಕ್ಯಾನ್ಸಲ್ ಮಾಡಲು ತಂದೆಯ ಸಹಿ ಇರುವ ಅರ್ಜಿ ಬೇಕು. ಮಧ್ಯದಲ್ಲಿ ಬಿಟ್ಟು ಹೋಗುವುದಾದರೆ ಮೂರೂ ವರ್ಷದ ಫೀಸ್ ಕಟ್ಟಬೇಕು. ಮತ್ತೆ, ಕಪಾಟಿನ ಬೀಗದ ಕೈ ಸೂಪರಿಂಟೆಂಡೆಂಟ್ ಹತ್ತಿರ ಉಂಟು, ಅವರು ಇವತ್ತು ರಜೆ, ನೆಂಟರ ಮನೆಯ ಗೃಹಪ್ರವೇಶ.

ಅಮ್ಮ ಯಾರ ಹತ್ತಿರವೂ ಜೋರಾಗಿ ಮಾತಾಡಿದವರಲ್ಲ. ಅವತ್ತು ಕೌಂಟರಿನ ಎದುರು ಕೈ ಮುಗಿದರಂತೆ. ತಂಗಿ ಅದನ್ನು ನನಗೆ ಹೇಳಿದ್ದು ಎಷ್ಟೋ ತಿಂಗಳ ನಂತರ.

4 ಗಂಟೆಗೆ ನಾನು ಮಂಗಳೂರಿನ ಕೌಂಟರಿನಲ್ಲಿ ಇದ್ದೆ. ಫೋನಿನಲ್ಲಿ ಹಣ ಇತ್ತು, ಕೈಯಲ್ಲಿ ಜೆರಾಕ್ಸ್ ಇತ್ತು. ಮೇಡಂ ನಾಲ್ಕೂವರೆವರೆಗೆ ಕಾದರು, ಅದನ್ನು ಹೇಳಲೇಬೇಕು. ಆಮೇಲೆ "ನಾವೂ ಎಂತ ಮಾಡುವುದು ಹೇಳಿ, ಹಿಂದೆ ಜನ ಇದ್ದಾರೆ" ಅಂದು ನನ್ನ ಎದುರಲ್ಲೇ ಮುಂದಿನ ನಂಬರಿಗೆ ಫೋನ್ ಹಚ್ಚಿದರು. ಆ ಕಡೆಯವರು ಒಂದೇ ರಿಂಗಿಗೆ ಎತ್ತಿದರು.

ಎರಡು ದಿನದಲ್ಲಿ ಒರಿಜಿನಲ್ ತಂದು ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದು ಕೊಟ್ಟರೆ ಆಗುತ್ತದಾ ಅಂತ ನಾನು ಕೇಳಬಹುದಿತ್ತು. ಆಗುತ್ತಿತ್ತೋ ಇಲ್ಲವೋ, ಕೇಳಬಹುದಿತ್ತು. ಆ ಹೊತ್ತಿಗೆ ತಲೆ ಓಡಲಿಲ್ಲ. ನೀವು ಕೇಳಿ.

ಒಂದು ವಾರ ಕಳೆದ ಮೇಲೆ ಜೊತೆ ಕೆಲಸ ಮಾಡುವವರೊಬ್ಬರು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮ ತೋರಿಸಿದರು. 2018ರ ಅಕ್ಟೋಬರಿನದ್ದು. ಅದರಲ್ಲಿ ಸ್ಪಷ್ಟವಾಗಿ ಉಂಟು: ಮಾರ್ಕ್ಸ್ ಕಾರ್ಡ್, ಶಾಲೆ ಬಿಟ್ಟ ಪ್ರಮಾಣಪತ್ರದಂಥ ಒರಿಜಿನಲ್ ದಾಖಲೆಗಳನ್ನು ಕಾಲೇಜು ವಿದ್ಯಾರ್ಥಿಯ ಎದುರೇ ನೋಡಿ, ಅಲ್ಲೇ ವಾಪಸ್ ಕೊಡಬೇಕು. ಇಟ್ಟುಕೊಳ್ಳುವಂತಿಲ್ಲ. ಫೀಸಿನ ಲೆಕ್ಕವೂ ಉಂಟು. ಅಡ್ಮಿಷನ್ನಿನ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಹಣ ವಾಪಸ್, ಪ್ರೊಸೆಸಿಂಗ್ ಅಂತ ಶೇ. 5ರಷ್ಟು, ಅದೂ 5,000 ರೂಪಾಯಿ ಮೀರದಂತೆ ಮುರಿಯಬಹುದು. ಆ 15 ದಿನದ ಒಳಗೆ ಬಿಟ್ಟರೆ ಶೇ. 90. ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, ಅಲ್ಲಿಂದ 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ. ಮೂರು ವರ್ಷದ ಫೀಸ್ ಕೇಳುವುದು ಇದರಲ್ಲಿ ಎಲ್ಲಿಯೂ ಇಲ್ಲ. ಕೊಡದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ಹಾಕಬಹುದು.

ಇದರ ಪ್ರಿಂಟ್ ತೆಗೆದುಕೊಂಡು ಉಡುಪಿಗೆ ಹೋದೆ. ಹೈಲೈಟರಿನಲ್ಲಿ ಗೆರೆ ಎಳೆದ ಹಾಳೆಯನ್ನು ಕೌಂಟರಿನ ಮೇಲೆ ಇಟ್ಟ ಕೂಡಲೇ ದನಿಯೇ ಬದಲಾಯಿತು. ಕುರ್ಚಿ ಕೊಟ್ಟರು. ಅವತ್ತೇ ಮಾರ್ಕ್ಸ್ ಕಾರ್ಡ್ ಎರಡೂ ಕೈಗೆ ಬಂತು, ತೂತಿನ ಸಮೇತ. ಬೀಗದ ಕೈ ಅವತ್ತು ಕ್ಲರ್ಕಿನ ಮೇಜಿನ ಡ್ರಾಯರಿನಲ್ಲೇ ಇತ್ತು ಮಾರಾಯ್ರೇ.

ಇನ್ನು ಆ 11ರ ವಿಷಯ. ನಮ್ಮ ಹಿಂದೆ 19ನೇ ನಂಬರಿನಲ್ಲಿದ್ದ ಹುಡುಗಿಗೆ ನಮಗಿಂತ ಎರಡು ವಾರ ಮೊದಲೇ ಸೀಟು ಸಿಕ್ಕಿತ್ತು. ಗೊತ್ತಾದಾಗ ನನಗೆ ಮೈಯೆಲ್ಲ ಉರಿಯಿತು, ಯಾರೋ ದುಡ್ಡು ಕೊಟ್ಟಿದ್ದಾರೆ ಅಂತಲೇ ಅಂದುಕೊಂಡೆ. ಆಮೇಲೆ ತಿಳಿಯಿತು, ಒಟ್ಟು ಲಿಸ್ಟಿನ ನಂಬರ್ ನೋಡಿ ಲೆಕ್ಕ ಹಾಕುವುದೇ ತಪ್ಪು. ರೋಸ್ಟರ್, ಅಂದರೆ ಮೀಸಲಾತಿ ಪ್ರಕಾರ ಸೀಟು ಹಂಚುವ ಪಟ್ಟಿ ಪಾಲಿಸುವ ಕಡೆ ಖಾಲಿಯಾದ ಸೀಟು ಯಾವ ಕೆಟಗರಿಯದ್ದೋ ಅದೇ ಕೆಟಗರಿಯ ಮುಂದಿನವರಿಗೆ ಹೋಗುತ್ತದೆ. ನಮ್ಮದು ಹಿಂದುಳಿದ ವರ್ಗದ 2ಎ. ಅದಕ್ಕೆ ಶೇ. 15, ಅಂದರೆ 60 ಸೀಟಿನಲ್ಲಿ 9. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದ್ದು "ನಮ್ಮ ಕೆಟಗರಿಯಲ್ಲಿ ನಾವು ಎಷ್ಟನೆಯವರು?" ಅಂತ.

ಸೀಟು ಯಾವಾಗ ಖಾಲಿಯಾಗುತ್ತದೆ ಎಂಬುದೂ ಗೊತ್ತಿರಬೇಕು. ಬಿಎಸ್‌ಸಿಗೆ ಸೇರಿದ ಮಕ್ಕಳಲ್ಲಿ ಎಷ್ಟೋ ಮಂದಿ ಸಿಇಟಿ ಬರೆದು, ಎಂಜಿನಿಯರಿಂಗೋ ಅಗ್ರಿಯೋ ಸಿಗಲಿ ಅಂತ ಕಾಯುತ್ತಿರುವವರು. ಸಿಇಟಿ ನಡೆಸುವ ಕೆಇಎ ಸೀಟು ಹಂಚುವಾಗ ಅವರು ಎದ್ದು ಹೋಗುತ್ತಾರೆ. ವೈಟಿಂಗ್ ಲಿಸ್ಟ್ ಜಾರುವುದು ಆಗಲೇ, ಅದೂ ಒಮ್ಮೆಲೇ. ಅಷ್ಟರಲ್ಲಿ ನೀವು ಬೇರೆ ಕಡೆ ಕ್ಲಾಸಿಗೆ ಹೋಗುತ್ತಿರುತ್ತೀರಿ. ಅದಕ್ಕೇ ದಾಖಲೆ ಕೈಯಲ್ಲಿರಬೇಕು ಅನ್ನುವುದು. ಬಿಕಾಂನಲ್ಲಿ ಹೀಗೆ ಎದ್ದು ಹೋಗುವವರು ಕಡಿಮೆ, ಅಲ್ಲಿ ಹಿಂದಿನ ನಂಬರ್ ನಂಬಿ ಕೂರಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಹಾಂ, ಕಾಯುವ ದಿನಗಳಲ್ಲಿ ಒಬ್ಬ ಏಜೆಂಟ್ ಫೋನ್ ಮಾಡಿದ್ದ. 40 ಸಾವಿರ ಕೊಟ್ಟರೆ ಲಿಸ್ಟಿನಲ್ಲಿ ಮೇಲೆ ತರುತ್ತೇನೆ ಅಂದ. ರಸೀದಿ ಕೊಡ್ತೀರಾ ಅಂತ ಕೇಳಿದೆ, ಫೋನ್ ಇಟ್ಟ. ನಮ್ಮ ನಂಬರ್ ಅವನಿಗೆ ಹೇಗೆ ಸಿಕ್ಕಿತು ಎಂಬುದು ಬೇರೆಯೇ ಕಥೆ. ನೋಟಿಸ್ ಬೋರ್ಡಿನ ಲಿಸ್ಟಿನಲ್ಲಿ ಎಲ್ಲರ ಮೊಬೈಲ್ ನಂಬರೂ ಹಾಕಿದ್ದರು.

ತಂಗಿ ಉಡುಪಿಯಲ್ಲೇ ಓದುತ್ತಿದ್ದಾಳೆ. ಮಂಗಳೂರಿನ ಆ ಕಾಲೇಜಿನ ಎದುರು ಬಸ್ಸು ಹೋಗುವಾಗ ಈಗಲೂ ಮೊಬೈಲ್ ನೋಡುತ್ತಾಳೆ.

ಈ ಸಲ ಪಕ್ಕದ ಮನೆಯ ಹುಡುಗ ವೈಟಿಂಗಿನಲ್ಲಿ ಇದ್ದಾನೆ. ಇನ್ನೊಂದು ಕಾಲೇಜಿಗೆ ಕಟ್ಟಲು ಹೋಗುವಾಗ ಅವನಮ್ಮ ನನ್ನನ್ನೂ ಕರೆದರು. ಫಾರ್ಮ್‌ನಲ್ಲಿ ಮೂರು ಫೋನ್ ನಂಬರ್ ಬರೆಸಿದೆ. ಕ್ಲರ್ಕ್ ಒರಿಜಿನಲ್ ಕೈಗೆ ತೆಗೆದುಕೊಂಡು ಪಂಚಿಂಗ್ ಮೆಷಿನ್ ಹತ್ತಿರ ಎಳೆದುಕೊಂಡರು. "ಸರ್, ನೋಡಿ ವಾಪಸ್ ಕೊಡಿ, ಜೆರಾಕ್ಸ್ ಇಟ್ಟುಕೊಳ್ಳಿ. ಟಿಸಿ ಇಟ್ಟುಕೊಳ್ಳಲೇಬೇಕು ಅಂತಾದರೆ ಒರಿಜಿನಲ್ ನಿಮ್ಮ ಹತ್ತಿರ ಉಂಟು ಅಂತ ಇನ್ನೊಂದು ಜೆರಾಕ್ಸ್ ಮೇಲೆ ಬರೆದು ಸೀಲ್ ಹಾಕಿ ಕೊಡಿ" ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಐದು ನಿಮಿಷ ಹಿಡಿಯಿತು. ಮೂರೂ ಹಾಳೆ ತಿರುಗಿ ಪ್ಲಾಸ್ಟಿಕ್ ಫೈಲಿನ ಒಳಗೆ ಬಂದವು, ತೂತಿಲ್ಲದೆ.

ಹುಡುಗನ ಕೆಟಗರಿಯಲ್ಲಿ ಅವನು 4ನೆಯವನು. ಇನ್ನೂ ಫೋನ್ ಬಂದಿಲ್ಲ.