ಎರಡು ವರ್ಷ ಬಳಸಿದ ಕ್ರೋಶಾ ಸೆಟ್: ಕಡ್ಡಿ ಬಂಗಾರ, ಜೊತೆಗೆ ಬಂದ ಪುಸ್ತಕದಿಂದ ಹುಷಾರು

ತಂಗಿ ಬಸುರಿಯಾಗಿದ್ದಳು. ಹುಟ್ಟುವ ಮಗುವಿಗೆ ನಾನೇ ಕೈಯಾರೆ ಕುಲಾವಿ ಹೆಣೆಯಬೇಕು ಅನ್ನೋ ಆಸೆಯಿಂದ 549 ರೂಪಾಯಿ ಕೊಟ್ಟು ಈ ಸೆಟ್ ತರಿಸಿದೆ. 2ರಿಂದ 6 ಮಿ.ಮೀ.ವರೆಗೆ ತುದಿಯಲ್ಲಿ ಕೊಕ್ಕೆ ಇರುವ ಒಂಬತ್ತು ಕಡ್ಡಿ, ಜೊತೆಗೆ ಕ್ರೋಶಾ ಹೊಲಿಗೆ ಕಲಿಸುವ ಪುಟ್ಟ ಪುಸ್ತಕ. ಅಲ್ಲಿಯವರೆಗೆ ನಾನು ಕ್ರೋಶಾ ಕಡ್ಡಿ ಮುಟ್ಟಿದವಳೇ ಅಲ್ಲ.

ನನ್ನ ಸಿಟ್ಟೆಲ್ಲ ಆ ಪುಸ್ತಕದ ಮೇಲೆ. ಮೊದಲ ಪುಟಗಳು ಚೆನ್ನಾಗೇ ಇವೆ. ಚೈನ್, ಸಿಂಗಲ್, ಹಾಫ್ ಡಬಲ್, ಡಬಲ್ ಅನ್ನೋ ಹೊಲಿಗೆಗಳೆಲ್ಲ ಒಂದು ವಾರದಲ್ಲಿ ಬಂದವು. ಕೊನೆಯಲ್ಲಿ ಕುಲಾವಿ ಇತ್ತು. ಶುರುವಿನ ದಾರದ ರಿಂಗಿನಲ್ಲಿ 6 ಡಬಲ್, ಮುಂದಿನ ಸುತ್ತಿಗೆ 12, ಆಮೇಲೆ 18. ಹಾಗೇ ಹಾಕಿದೆ. ಚಪ್ಪಟೆಯಾಗಿ ಹರಡಬೇಕಾದ ನೆತ್ತಿ ಐಸ್‌ಕ್ರೀಮ್ ಕೋನಿನ ಹಾಗೆ ಚೂಪಾಯಿತು. ಬಿಚ್ಚಿ ಮತ್ತೆ ಹಾಕಿದೆ. ಹೀಗೇ ಮೂರು ಸಲ. ಎಳೆದು ಎಳೆದು ಉಲ್ಲನ್ ಜುಂಗು ಜುಂಗಾಯಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಹದಿನೈದು ದಿನ ಅದರ ತಂಟೆಗೇ ಹೋಗಲಿಲ್ಲ.

ತಪ್ಪು ಹಿಡಿದದ್ದು ಅತ್ತೆ. ಸೀರೆಗಳಿಗೆ ಕ್ರೋಶಾ ಕುಚ್ಚು ಹಾಕಿ ಪಳಗಿದ ಕೈ ಅವರದ್ದು. ಇಂಗ್ಲಿಷ್ ಬರಲ್ಲ, ಚಿತ್ರ ಮಾತ್ರ ನೋಡಿದರು. “ಇಲ್ಲಿರೋದು ಗಿಡ್ಡ ಕಂಬ ಕಣೇ, ನೀನು ಉದ್ದದ್ದು ಹಾಕಿದ್ದೀಯ. ಹೆಸರು ಬಿಡು, ಕಡ್ಡಿ ಮೇಲೆ ಎಷ್ಟು ಕುಣಿಕೆ ಇದೆ ನೋಡು” ಅಂದರು.

ಆಮೇಲೆ ಹುಡುಕಿದಾಗ ಗೊತ್ತಾಯಿತು. ಅತ್ತೆ ಹೇಳಿದ ಗಿಡ್ಡ ಕಂಬವನ್ನು ಅಮೆರಿಕದವರು ಸಿಂಗಲ್ ಅಂದರೆ, ಬ್ರಿಟನ್ನಿನವರು ಅದನ್ನೇ ಡಬಲ್ ಅನ್ನುತ್ತಾರೆ. ಉದ್ದ ಕಂಬ ಅಮೆರಿಕದಲ್ಲಿ ಡಬಲ್, ಬ್ರಿಟನ್ನಿನಲ್ಲಿ ಟ್ರೆಬಲ್. ನನ್ನ ಪುಸ್ತಕದಲ್ಲಿ ಪಾಠ ಅಮೆರಿಕದ್ದು, ಕುಲಾವಿ ಬ್ರಿಟನ್ನಿನದ್ದು. ಎಚ್ಚರಿಸುವ ಒಂದೇ ಒಂದು ಸಾಲು ಇಲ್ಲ! ಗಿಡ್ಡ ಕಂಬಕ್ಕೆ 6ರಿಂದ ಶುರು ಮಾಡಿ ಸುತ್ತಿಗೆ ಆರಾರು ಸೇರಿಸಿದರೆ ಚಪ್ಪಟೆ ಬರುತ್ತದೆ. ಉದ್ದ ಕಂಬಕ್ಕೆ 12ರಿಂದ ಶುರು ಮಾಡಿ ಹನ್ನೆರಡು ಹನ್ನೆರಡು ಸೇರಿಸಬೇಕು. ನನ್ನದು ಚೂಪಾಗದೆ ಇನ್ನೇನಾಗುತ್ತೆ? ಹೊಸಬರಿಗೆ ಒಂದು ಗುರುತು ಹೇಳುತ್ತೇನೆ: ಎಲ್ಲಾದರೂ ‘ಸಿಂಗಲ್ ಕ್ರೋಶಾ’ ಅಂತ ಕಂಡರೆ ಅದು ಅಮೆರಿಕದ ಲೆಕ್ಕ. ಈಗಿನ ಬ್ರಿಟನ್ನಿನ ಲೆಕ್ಕದಲ್ಲಿ ಆ ಹೆಸರೇ ಇಲ್ಲ.

ಈಗ ನಾನೂ ಕುಣಿಕೆಯನ್ನೇ ನಂಬುತ್ತೇನೆ. ಕಡ್ಡಿ ತೂರಿಸಿ ದಾರ ಎಳೆದಾಗ ಎರಡು ಕುಣಿಕೆ ಇದ್ದರೆ ಗಿಡ್ಡ ಕಂಬ. ತೂರಿಸುವ ಮುಂಚೆ ಕಡ್ಡಿಗೆ ಒಂದು ಸುತ್ತು ಹಾಕಿಕೊಂಡರೆ ಮೂರು. ಆ ಮೂರರೊಳಗೂ ಒಂದೇ ಸಲ ದಾರ ದಾಟಿಸಿದರೆ ನಡುವಿನದ್ದು (ಪಾಠದ ಹಾಫ್ ಡಬಲ್), ಎರಡೆರಡಾಗಿ ದಾಟಿಸಿದರೆ ಉದ್ದದ್ದು.

ಕಡ್ಡಿಗಳ ವಿಷಯಕ್ಕೆ ಬಂದರೆ ಸಿಟ್ಟು ಇಳಿಯುತ್ತದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಉಲ್ಲನ್ ಉಂಡೆಯನ್ನು ಸ್ಟೀಲ್ ಪಾತ್ರೆಯೊಳಗೆ ಇಟ್ಟುಕೊಂಡು ಕೂರುತ್ತೇನೆ. ಪಾತ್ರೆಯಲ್ಲಿದ್ದರೆ ಉಂಡೆ ಮಂಚದ ಕೆಳಗೆ ಓಡಲ್ಲ, ದಾರ ಎಳೆದಾಗೆಲ್ಲ ಅಲ್ಲೇ ಹೊರಳುತ್ತದೆ. ಕೈ ತಾನಾಗೇ 4 ಮಿ.ಮೀ. ಕಡ್ಡಿಗೆ ಹೋಗುತ್ತದೆ. ಮೆತ್ತನೆಯ ರಬ್ಬರ್ ಹಿಡಿ, ಹೆಬ್ಬೆರಳು ಕೂರಲು ಒಂದು ತಗ್ಗು. ಒಂದು ಗಂಟೆ ಹೆಣೆದರೂ ಬೆರಳು ನೋಯಲ್ಲ, ಕೊಕ್ಕೆ ದಾರವನ್ನು ಸೀಳಲ್ಲ.

ಜಾಸ್ತಿ ಖುಷಿ ಕೊಟ್ಟಿದ್ದು ಮಾತ್ರ ಕುಲಾವಿಯ ಅಂಚು. ಪ್ರತಿ ಹೊಲಿಗೆಯ ತಲೆಯ ಮೇಲೆ ಜಡೆಯ ಹಾಗೆ ಎರಡು ಎಳೆ ಕಾಣುತ್ತವೆ ಅಲ್ವಾ? ಎರಡರ ಅಡಿಯಲ್ಲೂ ತೂರಿಸುವುದು ಮಾಮೂಲಿ. ಹಿಂದಿನ ಎಳೆಗೆ ಮಾತ್ರ ತೂರಿಸಿ, ಸಾಲು ಮುಗಿದಾಗೆಲ್ಲ ತಿರುಗಿಸಿ ಹೆಣೆದರೆ ಗೆರೆ ಗೆರೆಯಾಗಿ ಉಬ್ಬುತ್ತದೆ, ಎಳೆದರೆ ಹಿಗ್ಗುತ್ತದೆ. ಗೊತ್ತಿದ್ದ ಗಿಡ್ಡ ಕಂಬವೇ, ತೂರಿಸುವ ಜಾಗ ಬೇರೆ, ಅಷ್ಟೇ! ಆವತ್ತು ರಾತ್ರಿ ಹನ್ನೆರಡಾದರೂ ಏಳಲು ಮನಸ್ಸು ಬರಲಿಲ್ಲ.

ಸಣ್ಣ ಕೊರತೆಗಳೂ ಇವೆ. ಹಿಡಿಯ ಮೇಲಿನ ಅಂಕಿ ವರ್ಷದೊಳಗೆ ಅಳಿಸಿಹೋಯಿತು, ಈಗ ನೇಲ್ ಪಾಲಿಷ್ ಚುಕ್ಕೆ ಇಟ್ಟು ಗುರುತು ಮಾಡಿದ್ದೇನೆ. ರೇಷ್ಮೆ ಸೀರೆಯ ಕುಚ್ಚಿಗೆ 2 ಮಿ.ಮೀ. ಕೂಡ ದಪ್ಪವಾಗುತ್ತದೆ. ಅದಕ್ಕೆ ದಾರದ ಅಂಗಡಿಯಲ್ಲಿ ಸಣ್ಣ ಸ್ಟೀಲ್ ಕಡ್ಡಿ ಬೇರೆ ತಗೊಳ್ಳಿ.

ನನ್ನಂತೆ ಈಗಷ್ಟೇ ಕಲಿಯುವವರು ಕಡ್ಡಿಗೋಸ್ಕರ ಧೈರ್ಯವಾಗಿ ಕೊಳ್ಳಿ. ಪುಸ್ತಕದ ಕುಲಾವಿ ಪುಟದಲ್ಲಿ ಡಬಲ್ ಅಂತ ಇರುವಲ್ಲೆಲ್ಲ ಪೆನ್ಸಿಲ್‌ನಲ್ಲಿ ಸಿಂಗಲ್ ಅಂತ ತಿದ್ದಿಕೊಂಡೇ ಶುರು ಮಾಡಿ. ನಾನು ಹಾಗೆ ತಿದ್ದಿಕೊಂಡು ಹೆಣೆದ ಹಳದಿ ಕುಲಾವಿ ನಾಮಕರಣದ ದಿನ ಮಗುವಿನ ತಲೆಗೆ ಸರಿಯಾಗಿ ಕೂತಿತು.