ಎರಡು ಊರಿನ ನೀರು, ಎಂಟು ವರ್ಷದ ಒಂದು ಆರ್‌ಒ ಯಂತ್ರ

2017ರ ಏಪ್ರಿಲಿನಲ್ಲಿ ಕೊಂಡ, ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಹಾಯಿಸಿ ಲವಣ ತೆಗೆಯುವ ಆರ್‌ಒ ಯಂತ್ರವೊಂದು ನಾಲ್ಕು ವರ್ಷ ಮೈಸೂರಿನ ಬೋಗಾದಿಯ ನಮ್ಮ ಮನೆಯಲ್ಲಿದ್ದು, 2021ರಿಂದ ಮದ್ದೂರಿನ ಬಳಿಯ ಹಳ್ಳಿಯಲ್ಲಿರುವ ನನ್ನ ಹೆಂಡತಿಯ ತವರಿನಲ್ಲಿ ಕೆಲಸ ಮಾಡುತ್ತಿದೆ. ಮೊದಲ ಮನೆಗೆ ಅದು ಬೇಕಿರಲಿಲ್ಲ. ಎರಡನೆಯ ಮನೆಯಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಕೊಳ್ಳುವ ದಿನ ಇಷ್ಟನ್ನು ತಿಳಿದುಕೊಳ್ಳಲು ನೀರಿನಲ್ಲಿ ಕರಗಿರುವ ಲವಣಾಂಶವನ್ನು (ಟಿಡಿಎಸ್) ಅಳೆಯುವ ಒಂದು ಪುಟ್ಟ ಮೀಟರು ಸಾಕಾಗಿತ್ತು. ಆದರೆ ಆ ದಿನ ನಮ್ಮೆದುರಿಗಿದ್ದದ್ದು ಮೀಟರಲ್ಲ, ಮಾರಾಟಗಾರನ ಪ್ರದರ್ಶನ.

ಆತ ಎರಡು ಲೋಟಗಳಲ್ಲಿ ನಮ್ಮ ನಲ್ಲಿಯ ನೀರನ್ನೂ ತನ್ನ ಯಂತ್ರದ ನೀರನ್ನೂ ಇಟ್ಟು, ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹರಿಸಿದ. ಎರಡೇ ನಿಮಿಷದಲ್ಲಿ ನಲ್ಲಿಯ ನೀರು ಕಾಫಿಯ ಚರಟದಂತೆ ಕಂದಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಅಮ್ಮ ಗಾಬರಿಯಾದರು, ನಾನು ಚೆಕ್ಕು ಬರೆದೆ. ಆ ಕಂದುಬಣ್ಣ ನೀರಿನೊಳಗಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಹುಟ್ಟಿದ ತುಕ್ಕು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನೀರಿನಲ್ಲಿ ಲವಣಾಂಶವಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದರೆ ಕಡ್ಡಿ ಸವೆಯುತ್ತದೆ. ಲವಣವನ್ನು ಬಹುಪಾಲು ತೆಗೆದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲವಾದ್ದರಿಂದ ಅದು ತಿಳಿಯಾಗಿ ಕಾಣುತ್ತದೆ. ಯಾರಾದರೂ ನಿಮ್ಮ ಮನೆಯಲ್ಲಿ ಈ ಆಟ ತೋರಿಸಿದರೆ ಕಾಫಿ ಕೊಟ್ಟು ಕಳುಹಿಸಿಬಿಡಿ.

ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳ ಕಡೆಯಿಂದ ಮೈಸೂರಿಗೆ ಬರುವ ಕಾವೇರಿ ನೀರು ಮೂಲತಃ ಸಿಹಿನೀರು. ಮೂರನೆಯ ವರ್ಷ ನಾನೇ ಮೀಟರು ಕೊಂಡು ಅಳೆದಾಗ ನಮ್ಮ ನಲ್ಲಿಯಲ್ಲಿ ಲೀಟರಿಗೆ 210 ಮಿಲಿಗ್ರಾಂನ ಆಸುಪಾಸಿನ ಅಂಕಿ ಬಂದಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಹೀಗೆ ಮೊದಲೇ ಸರಿಯಾಗಿದ್ದ ನೀರನ್ನು ನಾವು ಮೂರು ವರ್ಷ ಕಾಲ ಹದಿನೈದಕ್ಕೆ ಇಳಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಕಳೆದು, ಸಪ್ಪೆ ನೀರು ಕುಡಿದಿದ್ದೆವು. ಅದಕ್ಕಾಗಿ ಒಂದು ಕೊಡ ನೀರಿಗೆ ಸುಮಾರು ಮೂರು ಕೊಡವನ್ನು ಮೋರಿಗೆ ಬಿಟ್ಟಿದ್ದೆವು. ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವ ಅಧಿಸೂಚನೆ ಹೊರಡಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದ ಸುದ್ದಿಯನ್ನು ಓದಿದಾಗ, ಅದು ನಮ್ಮ ಅಡುಗೆಮನೆಯನ್ನು ನೋಡಿಯೇ ಬರೆದಂತಿತ್ತು.

ನದಿಯ ನೀರಿಗೆ ಬೇಕಾದದ್ದು ಮಣ್ಣು ಸೋಸುವುದು ಮತ್ತು ರೋಗಾಣು ಕೊಲ್ಲುವುದು. 2021ರಲ್ಲಿ ಮೈಸೂರಿನ ಮನೆಗೆ ರೋಗಾಣು ಕೊಲ್ಲುವ ಅತಿನೇರಳೆ ಕಿರಣದ ದೀಪ (ಯುವಿ) ಮತ್ತು ನುಣ್ಣಗೆ ಸೋಸುವ ಪೊರೆ (ಯುಎಫ್) ಎರಡೂ ಇರುವ, ಆರ್‌ಒ ಇಲ್ಲದ ಯಂತ್ರ ಹಾಕಿಸಿದೆವು. ಬೆಲೆ ಹೆಚ್ಚುಕಡಿಮೆ ಅರ್ಧ, ಪೋಲಾಗುವ ನೀರು ಬಹುತೇಕ ಇಲ್ಲ. ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಳೆಗಾಲದಲ್ಲಿ ಹೊಳೆ ಕೆಂಪೇರಿದಾಗ ನೀರು ಮಬ್ಬಾಗಿ ಬಂದರೆ ಯುವಿ ಕಿರಣ ಅದರೊಳಗೆ ಸರಿಯಾಗಿ ಹಾಯುವುದಿಲ್ಲ. ಆದ್ದರಿಂದ ಮಣ್ಣು ಸೋಸುವ ಹೊರಗಿನ ಬಿಳಿ ಸ್ಪನ್ ಫಿಲ್ಟರನ್ನು ಜುಲೈ, ಆಗಸ್ಟಿನಲ್ಲಿ ಎರಡು ತಿಂಗಳಿಗೇ ಬದಲಾಯಿಸುತ್ತೇನೆ, ಉಳಿದ ಕಾಲದಲ್ಲಿ ಆರು ತಿಂಗಳು ಸಾಕು. ಇನ್ನು ಯುವಿ ದೀಪ. ಅದು ನೀಲಿಯಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ, ರೋಗಾಣು ಕೊಲ್ಲುವ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ. ಇಂಥ ದೀಪಗಳ ಬಾಳಿಕೆ ಸಾಮಾನ್ಯವಾಗಿ 8000ದಿಂದ 9000 ಗಂಟೆ. ನಮ್ಮ ಯಂತ್ರದಲ್ಲಿ ದೀಪ ಹಗಲಿರುಳೂ ಉರಿಯುವುದರಿಂದ, ವರ್ಷದ 8760 ಗಂಟೆಯ ಲೆಕ್ಕದಂತೆ, ಪ್ರತಿ ಆಯುಧಪೂಜೆಯ ಹೊತ್ತಿಗೆ ಹೊಸ ದೀಪ ಹಾಕಿಸುತ್ತೇನೆ.

ಮದ್ದೂರಿನ ಕಡೆಯ ಮನೆಯ ಕಥೆಯೇ ಬೇರೆ. ಅಲ್ಲಿ ಬೋರ್‌ವೆಲ್ ನೀರು, ಮೀಟರಿನಲ್ಲಿ 940. ನಲ್ಲಿಯ ಬಾಯಲ್ಲಿ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಅತ್ತೆಯವರು ತೊಗರಿಬೇಳೆ ಬೇಯುವುದಿಲ್ಲವೆಂದು ಅಂಗಡಿಯವನನ್ನು ಬೈಯುತ್ತಿದ್ದರು, ತಪ್ಪು ಗಡಸು ನೀರಿನದು. ನಮ್ಮ ಆರ್‌ಒ ಅಲ್ಲಿಗೆ ಹೋದ ಮೇಲೆ ಬೇಳೆ ಕರಗಿ ಬೇಯುತ್ತಿದೆ. ಹೊರಬೀಳುವ ನೀರು ಮೊದಲಿಗಿಂತಲೂ ಉಪ್ಪಾಗಿರುವುದರಿಂದ ಅದನ್ನು ಹೂಗಿಡಗಳಿಗೆ ಹಾಕದೆ, ಕೊಟ್ಟಿಗೆ ತೊಳೆಯಲು ಮತ್ತು ಉಪ್ಪನ್ನು ತಕ್ಕಮಟ್ಟಿಗೆ ತಾಳುವ ತೆಂಗಿನ ಮರಗಳಿಗೆ ಬಿಡುತ್ತಾರೆ.

ಬಿಡಿಭಾಗಗಳನ್ನು ಬದಲಾಯಿಸುವ ವಿಷಯದಲ್ಲೇ ನಾನು ಹೆಚ್ಚು ಹಣ ಕಳೆದುಕೊಂಡದ್ದು. ವಾರ್ಷಿಕ ನಿರ್ವಹಣೆಯ ಒಪ್ಪಂದವಿದ್ದ ಮೊದಲ ಮೂರು ವರ್ಷ, ಅವಧಿ ಮುಗಿಯುವ ತಿಂಗಳಲ್ಲಿ ತಪ್ಪದೆ ಬರುತ್ತಿದ್ದ ಸರ್ವೀಸಿನ ಹುಡುಗ, "ಸಾರ್, ಮೆಂಬ್ರೇನ್ ಹೋಗಿದೆ" ಎನ್ನುತ್ತಿದ್ದ. ಮೀಟರು ಬೈಕಿನಲ್ಲೇ ಉಳಿದಿರುತ್ತಿತ್ತು. ಮೆಂಬ್ರೇನ್ ಅಂದರೆ ಲವಣ ತಡೆಯುವ ಆ ಪೊರೆ. ಅದು ಹೋಗಿದೆಯೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಳಹೋಗುವ ನೀರಿನ ಅಂಕಿಯಿಂದ ಹೊರಬರುವ ನೀರಿನ ಅಂಕಿಯನ್ನು ಕಳೆದು, ಬಂದದ್ದನ್ನು ಒಳಹೋಗುವ ಅಂಕಿಯಿಂದ ಭಾಗಿಸಿದರೆ ಎಷ್ಟು ಪಾಲು ಲವಣವನ್ನು ಅದು ತಡೆಯುತ್ತಿದೆ ಎಂದು ತಿಳಿಯುತ್ತದೆ. ಹೊಸದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಡೆಯಬೇಕು. ಎಪ್ಪತ್ತೈದಕ್ಕೆ ಇಳಿದಾಗ ನಾನು ಬದಲಾಯಿಸುತ್ತೇನೆ.

ಈ ಲೆಕ್ಕದಲ್ಲೂ ಒಮ್ಮೆ ಎಡವಿದೆ. ಹಳ್ಳಿಯ ಯಂತ್ರ ಒಂದು ಸಲ 210 ತೋರಿಸಿತು, ಮೆಂಬ್ರೇನಿನ ಕಾಲ ಮುಗಿಯುತ್ತ ಬಂದಿತೆಂದೇ ಭಾವಿಸಿದೆ. ಆಮೇಲೆ ಗೊತ್ತಾದದ್ದು, ನೀರು ಸಪ್ಪೆಯೆಂದು ಅತ್ತೆಯವರು ಹೇಳಿದ್ದಕ್ಕೆ ಹಿಂದಿನ ಸಲ ಬಂದವನು ಟಿಡಿಎಸ್ ಹೊಂದಿಸುವ ತಿರುಪನ್ನು ಸಡಿಲಿಸಿ, ಮೆಂಬ್ರೇನನ್ನು ದಾಟದ ನೀರನ್ನೂ ಒಂದಿಷ್ಟು ಬೆರೆಯುವಂತೆ ಮಾಡಿದ್ದ. ತಿರುಪನ್ನು ಪೂರ್ತಿ ಮುಚ್ಚಿ ಅಳೆದಾಗ 80 ಬಂದಿತು. ಸುಮಾರು ಒಂದೂವರೆ ಸಾವಿರ ರೂಪಾಯಿ ಉಳಿಯಿತು. ಹಾಗೆಯೇ ನೀರು ಸಣ್ಣಗೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೆಂಬ್ರೇನನ್ನಲ್ಲ, ನೂರಿನ್ನೂರು ರೂಪಾಯಿಗೆ ಸಿಗುವ ಸ್ಪನ್ ಫಿಲ್ಟರನ್ನು. ಆದರೆ ಕಾರ್ಬನ್ ಫಿಲ್ಟರಿನ ವಿಷಯದಲ್ಲಿ ಜಿಪುಣತನ ಬೇಡ. ನಗರದ ನೀರಿನ ಕ್ಲೋರಿನ್ನನ್ನು ತಡೆಯುವುದು ಅದೇ, ಅದು ಸೋತರೆ ಕ್ಲೋರಿನ್ ಮೆಂಬ್ರೇನನ್ನೇ ಹಾಳುಮಾಡುತ್ತದೆ.

ಇಷ್ಟು ವರ್ಷ ಈ ಯಂತ್ರ ಬಾಳಿದ್ದಕ್ಕೆ ಮುಖ್ಯ ಕಾರಣ ಅದರ ಒಳಗಿರುವುದೆಲ್ಲ ಸಾಮಾನ್ಯ ಅಳತೆಯ ಭಾಗಗಳು ಎಂಬುದು. ಹೊರಗೆ ಹತ್ತು ಇಂಚಿನ ಫಿಲ್ಟರು, ಒಳಗೆ 1812 ಅಳತೆಯ ಮೆಂಬ್ರೇನ್. ಎರಡೂ ಮಂಡ್ಯದ ಅಂಗಡಿಗಳಲ್ಲೇ ದೊರೆಯುತ್ತವೆ. ನಮ್ಮ ಪಕ್ಕದ ಮನೆಯವರ ಚೆಂದದ ಯಂತ್ರಕ್ಕೆ ಅದೇ ಕಂಪನಿಯ ಕಾರ್ಟ್ರಿಜ್ಜಲ್ಲದೆ ಬೇರೆ ಕೂರುವುದಿಲ್ಲ, ಅದರ ಬೆಲೆ ಕೇಳಿದರೆ ನೀರು ಕುಡಿಯಬೇಕೆನಿಸುತ್ತದೆ. ತಾಮ್ರ, ಕ್ಷಾರ ಎಂದು ಹೇಳಿ ಕೊನೆಯಲ್ಲಿ ಸೇರಿಸುವ ಬಣ್ಣದ ಕೊಳವೆಗಳನ್ನು ನಾನು ಎರಡನೆಯ ಸಲ ಹಾಕಿಸಲೇ ಇಲ್ಲ, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಮೀಟರನ್ನು ಅತಿಯಾಗಿ ನಂಬುವುದೂ ತಪ್ಪು. ಅದು ಕರಗಿದ ಲವಣವನ್ನಷ್ಟೇ ಅಂದಾಜಿಸುತ್ತದೆ, ರೋಗಾಣುವನ್ನಾಗಲಿ ಕೀಟನಾಶಕವನ್ನಾಗಲಿ ಗುರುತಿಸುವುದಿಲ್ಲ. ಫ್ಲೋರೈಡ್, ನೈಟ್ರೇಟ್‌ಗಳು ಎಷ್ಟಿವೆಯೆಂದು ಅದು ಬಿಡಿಸಿ ಹೇಳಲಾರದು, ಆದ್ದರಿಂದ ಹಳ್ಳಿಯ ಬೋರ್‌ವೆಲ್ ನೀರನ್ನು ಒಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿದ ಮೇಲೆಯೇ ಯಂತ್ರವನ್ನು ಅಲ್ಲಿಗೆ ಸಾಗಿಸಿದೆವು.

ಈಗ ಅದರ ಪಂಪು ಗೊರಗೊರ ಸದ್ದು ಮಾಡತೊಡಗಿದೆ. 24 ವೋಲ್ಟಿನ ಸಾಮಾನ್ಯ ಪಂಪು. ಯುಗಾದಿಗೆ ಊರಿಗೆ ಹೋಗುವಾಗ ಮಂಡ್ಯದಲ್ಲಿ ಇಳಿದು ಒಂದನ್ನು ಕೊಂಡೊಯ್ಯಬೇಕೆಂದಿದ್ದೇನೆ.