450 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್: 5ಕ್ಕೆ 1 ಸ್ಟಾರ್

ಮೆಜೆಸ್ಟಿಕ್ ಫುಟ್‌ಪಾತ್‌ನಲ್ಲಿ ಕೊಂಡದ್ದು. ಮನೆಗೆ ಬಂದು ಕಂಪ್ಯೂಟರ್‌ಗೆ ಚುಚ್ಚಿದರೆ ಸುಮಾರು 1.8 ಟಿಬಿ ಅಂತಲೇ ತೋರಿಸಿತು. 2 ಟಿಬಿಗೆ ವಿಂಡೋಸ್ ತೋರಿಸುವುದೇ ಅಷ್ಟು, ಹಾಗಾಗಿ ಅನುಮಾನವೇ ಬರಲಿಲ್ಲ. ತಂಗಿ ಮದುವೆಯ ವಿಡಿಯೋ 70 ಜಿಬಿ ತುಂಬಿದೆ. ಒಂದೂ ಎರರ್ ಇಲ್ಲ. ವಾರ ಬಿಟ್ಟು ನೋಡಿದರೆ ಚಪ್ಪರದ ಶಾಸ್ತ್ರ ಓಡುತ್ತದೆ, ಧಾರೆಯ ಫೈಲ್ ತೆರೆಯುವುದೇ ಇಲ್ಲ. ಪುಣ್ಯಕ್ಕೆ ಫೋಟೋಗ್ರಾಫರ್ ಹತ್ತಿರ ಮೂಲ ಉಳಿದಿತ್ತು.

ಆಮೇಲೆ ಎಲ್ಲ ಅಳಿಸಿ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿದೆ. ಅದು ಡ್ರೈವ್‌ಗೆ ಬರೆದು, ಬರೆದದ್ದನ್ನು ಮತ್ತೆ ಓದಿ ನೋಡುತ್ತದೆ. ಪೂರ್ತಿ ತುಂಬಿಸಲು ದಿನಗಟ್ಟಲೆ ಬೇಕು. 64 ಜಿಬಿ ಮಾತ್ರ ಬರೆಸಿದೆ. ಸರಿಯಾಗಿ ಓದಿ ಬಂದದ್ದು 29 ಜಿಬಿ. ಒಳಗಿರುವುದು 32 ಜಿಬಿ ಚಿಪ್. ಅದನ್ನು ನಡೆಸುವ ಕಂಟ್ರೋಲರ್‌ನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ತಿದ್ದಿ ಸುಳ್ಳು ಹೇಳಿಸಿದ್ದಾರೆ. ಜಾಗ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೇ ಕೂರುತ್ತದೆ.

‘ಸಾಫ್ಟ್‌ವೇರ್ ಹಾಕಿದರೆ ಜಾಗ ಡಬಲ್ ಆಗುತ್ತೆ’ ಎಂದು ಗೆಳೆಯನೊಬ್ಬ ಲಿಂಕ್ ಕಳಿಸಿದ. ಸೇರು ಪಾತ್ರೆಗೆ ಕೊಳಗ ಅಂತ ಚೀಟಿ ಅಂಟಿಸಿದಂತೆ! ನಾನು ಡೌನ್‌ಲೋಡ್ ಮಾಡಲಿಲ್ಲ. ಜೊತೆಗೆ ವೈರಸ್ ಬೇರೆ ಬಂದರೆ?

ಬದಲಿಸಿಕೊಳ್ಳೋಣ ಅಂತ ಹೋದರೆ ಅಂಗಡಿಯೇ ಇಲ್ಲ. ಆ ಜಾಗದಲ್ಲಿ ಕರ್ಚೀಫ್ ಮಾರುತ್ತಿದ್ದರು. ಒಂದು ಸ್ಟಾರ್ ಕೊಟ್ಟಿದ್ದು ಅದರ ಲೋಹದ ಉಂಗುರಕ್ಕೆ: ಸ್ಕೂಟರ್ ಕೀ ಈಗ ಅದರಲ್ಲಿದೆ.